ಮಾವನ ನಾಲಿಗೆ

ತೊಳೆದ ಚಾಕುವನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದೇನೆ ಎಂದು ಅವಳಿಗೆ ಹೊಳೆದದ್ದು ನಲ್ಲಿಯ ನೀರು ಮೊಣಕೈವರೆಗೂ ಇಳಿದು ತೋಳು ಒದ್ದೆಯಾದಾಗ. ಚಾಕುವಿನಲ್ಲಿ ಕೊಳೆ ಇರಲಿಲ್ಲ. ನಿನ್ನೆ ಮಧ್ಯಾಹ್ನ ಊಟದ ಮೇಜಿನಲ್ಲಿ ಬಿದ್ದ ಮಾತೊಂದು ಕಿವಿಯಲ್ಲಿ ಹೊಕ್ಕು ಕೂತಿತ್ತು, ಎಷ್ಟು ತಲೆ ಕೊಡವಿದರೂ ಹೋಗಲೊಲ್ಲದು. ‘ಅವಳು ತಟ್ಟೆ ಹಿಡಿಯೋಕೆ ಬರ್ತಾಳೆ, ಅಷ್ಟೆ.’ ಹಾಗೆಂದಿದ್ದರು ಮಾವ. ಹೇಳಿ ನಕ್ಕಿದ್ದರು. ಮೈದುನ ನಕ್ಕ, ಹೋಗಲಿ, ಅವನು ಅಪ್ಪ ಕೆಮ್ಮಿದರೂ ನಗುವವನು. ಆದರೆ ಗಂಡ? ಬಾಯಲ್ಲಿ ತುತ್ತಿಟ್ಟುಕೊಂಡೇ ಅವನೂ ನಕ್ಕಿದ್ದ, ಆಮೇಲೆ ಅವಳ ಮುಖ ನೋಡಿ ನಗುವನ್ನು ತುತ್ತಿನ ಜೊತೆ ನುಂಗಿದ್ದ. ನುಂಗಿದ್ದನ್ನು ನೋಡಿಯೇ ಅವಳಿಗೆ ಮೈಯೆಲ್ಲ ಉರಿದುಹೋಗಿತ್ತು. ನಕ್ಕರೆ ನಗಬೇಕು, ಇಲ್ಲವೇ ಹೆಂಡತಿಯ ಪರ ಒಂದು ಮಾತಾಡಬೇಕು. ಈ ಎರಡರ ನಡುವೆ ನುಂಗುವುದೇನು ಬಂತು? ಪಾಪ, ಓರಗಿತ್ತಿಯಾದರೂ ಬಾಯಿ ಬಿಟ್ಟಳು. ‘ಅಕ್ಕ ಪ್ರತಿ ಸಲ ಪಕ್ಕದಲ್ಲೇ ನಿಂತಿರ್ತಾರಲ್ಲ ಮಾವ, ಅವರಿಗೇ ಕುರ್ಚಿ ಕೊಡಬಹುದಲ್ವಾ’ ಎಂದು ಕೇಳಿದವಳು ಅವಳೇ. ಅದಕ್ಕೆ ಬಂದ ಉತ್ತರ ಆ ತಟ್ಟೆಯ ಮಾತು. ಅಷ್ಟಕ್ಕೇ ಬಿಡಲಿಲ್ಲ ಮುದುಕರು. ‘ತಟ್ಟೆ ಹಿಡಿದವರಿಗೆಲ್ಲ ರುಚಿ ಗೊತ್ತಾಗೋ ಹಾಗಿದ್ರೆ ಅಂಗಡಿ ತಕ್ಕಡಿಗೂ ಗೊತ್ತಾಗಬೇಕಿತ್ತು’ ಎಂದು ಇನ್ನೊಂದು ಎಳೆ ಸೇರಿಸಿದರು. ಮೇಜಿನ ತುಂಬ ನಗು. ಅವಳು ನೀರಿನ ಜಗ್ಗನ್ನು ಎತ್ತಿಕೊಂಡು ಒಳಗೆ ಹೋದಳು. ಜಗ್ಗು ತುಂಬಿಯೇ ಇತ್ತು.

ಕುರ್ಚಿಯೆಂದರೆ ಮಹಾ ಸಿಂಹಾಸನವೇನಲ್ಲ, ಬೆನ್ನಿನ ಪಟ್ಟಿ ಸಡಿಲವಾದ ಮರದ ಕುರ್ಚಿ. ಆದರೆ ಈ ಮನೆಯ ಕಿತ್ತಳೆ ತೋಟದಲ್ಲಿ ಅದರ ಮೇಲೆ ಕೂತವನು ‘ಕೊಯ್ಯಿರಿ’ ಎನ್ನದೆ ಒಂದು ಹಣ್ಣೂ ಮರ ಬಿಡುವಂತಿಲ್ಲ. ಮಾವನ ಮುತ್ತಾತ ಹಾಕಿಟ್ಟ ಪದ್ಧತಿ. ಒಂದೊಂದು ತುಂಡು ತೋಟದ ಕೊಯ್ಲಿಗೂ ಮುಂಚೆ ಮನೆಯ ಹಿರಿಯನು ಮರದಡಿ ಕುರ್ಚಿ ಹಾಕಿಸಿ ಕೂರಬೇಕು, ಬೇರೆ ಬೇರೆ ಮರಗಳಿಂದ ಹಣ್ಣು ತಂದು ಅಡ್ಡಕ್ಕೆ ಸೀಳಿ ತಟ್ಟೆಯಲ್ಲಿಟ್ಟು ಕೊಡಬೇಕು, ಆತ ಕಣ್ಣು ಮುಚ್ಚಿ ಅಗಿದು ಹೇಳಬೇಕು: ಕೊಯ್ಯಿರಿ, ಅಥವಾ, ಇನ್ನೂ ಆಗಿಲ್ಲ. ಮೈದುನ ಒಮ್ಮೆ ಪೇಟೆಯಿಂದ ಸಿಹಿ ಅಳೆಯುವ ಮಾಪಕ ತಂದಿದ್ದ, ರಸದ ಹನಿ ಬಿಟ್ಟು ಕಣ್ಣಿಗಿಟ್ಟು ನೋಡಿದರೆ ಅಂಕಿ ಕಾಣುತ್ತಿತ್ತು. ‘ನಾಲ್ಕು ತಲೆಮಾರು ನಾಲಿಗೆ ಮೇಲೆ ನಡೆದ ಮನೆ, ಈಗ ಗಾಜಿನ ತುಂಡು ಇಣುಕಿ ನೋಡಿ ಹಣ್ಣು ಕೀಳ್ತೀಯೇನೋ’ ಎಂದು ಮಾವ ಅದನ್ನು ಕಸಿದುಕೊಂಡು ಬೀರುವಿಗೆ ಹಾಕಿ ಬೀಗ ಜಡಿದರು. ಸಿಪ್ಪೆಯ ಬಣ್ಣ ನೋಡಿ ಹೇಳುತ್ತೇನೆಂದರೆ ಕಿತ್ತಳೆ ಮೋಸ ಮಾಡುತ್ತದೆ. ಚಳಿಗೆ ಎಳೆ ಕಾಯಿಯೂ ಹಳದಿಯಾಗುತ್ತದೆ, ಬೆಚ್ಚಗಿದ್ದರೆ ಮಾಗಿದ್ದೂ ಹಸಿರಾಗಿಯೇ ನಿಂತಿರುತ್ತದೆ. ಬಾಳೆ, ಮಾವಿನ ಹಾಗೆ ಕಿತ್ತಮೇಲೆ ಹಣ್ಣಾಗುವ ಜಾತಿಯೂ ಇದಲ್ಲ. ಮರದಲ್ಲಿ ಎಷ್ಟು ಸಿಹಿಯೋ ಅಷ್ಟೇ, ಕತ್ತರಿ ಬಿದ್ದ ಗಳಿಗೆಗೆ ಅದರ ಹಣೆಬರಹ ಮುಗಿಯಿತು. ಹಾಗಾಗಿ ಎಲ್ಲವೂ ಆ ಒಂದು ನಾಲಿಗೆಯ ಮೇಲೆ ನಿಂತಿತ್ತು. ಸಂತೆಯಲ್ಲಿ ಈ ಮನೆಯ ಮುದ್ರೆಯಿದ್ದ ಪೆಟ್ಟಿಗೆಯನ್ನು ಯಾರೂ ಬಿಚ್ಚಿ ನೋಡುತ್ತಿರಲಿಲ್ಲ. ದೊಡ್ಡವರು ತಿಂದು ಹೇಳಿದ್ದಾರಂತೆ, ಇಳಿಸಪ್ಪಾ, ಎನ್ನುತ್ತಿದ್ದರು.

ದೊಡ್ಡವರು ತಿಂದು ಹೇಳಿದ್ದಾರಂತೆ! ಅವಳು ಚಾಕುವನ್ನು ಬಟ್ಟೆಯಲ್ಲಿ ಸುತ್ತಿದಳು. ತಟ್ಟೆ, ಲೋಟ, ನೀರಿನ ತಂಬಿಗೆ ಬುಟ್ಟಿಯಲ್ಲಿಟ್ಟಳು. ಅಡುಗೆಮನೆಯ ಕಿಟಕಿಯಿಂದ ತೆಂಕಣ ಇಳಿಜಾರು ಕಾಣುತ್ತಿತ್ತು, ವರ್ಷದ ಬೆಳೆಯಲ್ಲಿ ಅರ್ಧ ಅಲ್ಲಿಂದಲೇ ಬರಬೇಕು. ಮರಗಳೆಲ್ಲ ಹಳದಿಗೆ ತಿರುಗಿ ಕಣ್ಣು ಕುಕ್ಕುತ್ತಿದ್ದವು. ನೋಡಿದವರು ಯಾರಾದರೂ ಮರುಳಾಗಬೇಕು. ಕೆಲವು ವರ್ಷಗಳ ಹಿಂದೆ ಹೀಗೆಯೇ ಒಂದು ಬೆಳಿಗ್ಗೆ, ಮಾವ ಜ್ವರದಿಂದ ಎದ್ದ ವಾರವಿರಬೇಕು, ಇದೇ ಕಟ್ಟೆಯ ಬಳಿ ನಿಂತು ಅವಳು ಕಾಫಿಗೆ ಸಕ್ಕರೆಯೆಂದು ಉಪ್ಪು ಸುರಿದುಬಿಟ್ಟಿದ್ದಳು. ತನ್ನ ಲೋಟ ಬಾಯಿಗಿಟ್ಟು ಥೂ ಎಂದು ಉಗಿದು, ಅಯ್ಯೋ ಎಂದುಕೊಂಡು ಹಜಾರಕ್ಕೆ ಓಡಿದರೆ, ಮಾವ ತಮ್ಮ ಲೋಟವನ್ನು ತಳ ಕಾಣುವಂತೆ ಕುಡಿದು ಮುಗಿಸಿ ಕಿಟಕಿಯಾಚೆ ನೋಡುತ್ತ ಕೂತಿದ್ದರು. ‘ಕಾಫಿ ಚೆನ್ನಾಗಿತ್ತಮ್ಮ’ ಎಂದರು. ಅವಳು ಖಾಲಿ ಲೋಟ ತೆಗೆದುಕೊಂಡು ಬಂದಳು. ಯಾರಿಗೂ ಹೇಳಲಿಲ್ಲ. ಗಂಡನಿಗೆ ಹೇಳಬೇಕೆಂದು ನಾಲಿಗೆಯ ತುದಿಗೆ ಬಂದದ್ದು ಎಷ್ಟೋ ಸಲ. ಆದರೆ ಹೇಗೆ ಹೇಳುವುದು? ನಿಮ್ಮಪ್ಪನ ಬಾಯಿ ಸತ್ತಿದೆ ಕಣ್ರೀ ಎಂದು ಹೇಳಲಾಗುತ್ತದೆಯೇ?

ಆ ವರ್ಷದ ಮೊದಲ ಕೊಯ್ಲಿಗೆ ಮಾವ ಕುರ್ಚಿಯಲ್ಲಿ ಕೂತು ಹಣ್ಣು ಅಗಿದದ್ದು ಅವಳಿಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಅತ್ತೆ ತೀರಿಕೊಂಡ ಮೇಲೆ ತಟ್ಟೆ ಹಿಡಿಯುವ ಕೆಲಸ ಹಿರಿಸೊಸೆಗೆ ಬಂದಿತ್ತು. ಕೊಯ್ಲಿನವರೆಲ್ಲ ಏಣಿ ಹಿಡಿದು ನಿಂತಿದ್ದಾರೆ, ಮಾವ ಅಗಿಯುತ್ತಲೇ ಇದ್ದಾರೆ, ಮುಚ್ಚಿದ ಕಣ್ಣಿನ ರೆಪ್ಪೆಗಳು ಅದುರುತ್ತಿವೆ. ಕತ್ತಲಲ್ಲಿ ಮೆಟ್ಟಿಲು ಹುಡುಕುವವನ ಹಾಗೆ ಅವರ ದವಡೆ ತಡವರಿಸುತ್ತಿತ್ತು. ಚಾಕು ಒರೆಸುವ ನೆಪದಲ್ಲಿ ಅವಳು ಆಗಲೇ ಬೆರಳು ನೆಕ್ಕಿದ್ದಳು, ಹಣ್ಣು ಹುಳಿ. ಅವರ ಮುಖ ನೋಡಲಾರದೆ, ಕರುಳು ಚುರ್ ಎಂದು, ಏನೂ ಯೋಚಿಸದೆ ಕೇಳಿಬಿಟ್ಟಳು: ‘ನೀರು ಕೊಡ್ಲಾ ಮಾವ?’ ಅವರು ಕಣ್ಣು ತೆರೆದರು. ಲೋಟ ತೆಗೆದುಕೊಂಡರು. ಲೋಟದ ಅಂಚಿನ ಮೇಲಿಂದ ಅವಳನ್ನೇ ನೋಡುತ್ತ ಕುಡಿದರು. ಬಾಯಿ ಒರೆಸಿಕೊಂಡು ‘ಇನ್ನೂ ಆಗಿಲ್ಲ’ ಎಂದರು. ಅಷ್ಟೇ. ಅಂದಿನಿಂದ ಇಂದಿನವರೆಗೆ ಅದೇ ಏರ್ಪಾಡು. ಹುಳಿಯಿದ್ದರೆ ಅವಳು ನೀರು ಬೇಕೇ ಎಂದು ಕೇಳುವಳು, ಸಿಹಿಯಿದ್ದರೆ ಸುಮ್ಮನಿರುವಳು. ಇದರ ಬಗ್ಗೆ ಇಬ್ಬರೂ ಒಂದೇ ಒಂದು ಮಾತು ಆಡಿದವರಲ್ಲ. ಆಡದೇ ಇದ್ದದ್ದರಲ್ಲಿ ಏನೋ ಒಂದು ಮರ್ಯಾದೆಯಿದೆ ಎಂದು ಅವಳು ನಂಬಿದ್ದಳು. ಮಾವ ನನ್ನನ್ನು ನಂಬಿದ್ದಾರೆ ಎಂದು ಒಳಗೊಳಗೇ ಬೀಗಿದ್ದೂ ಉಂಟು. ಸಂತೆಯಲ್ಲಿ ಯಾರಾದರೂ ಮಾವನ ನಾಲಿಗೆಯನ್ನು ಹೊಗಳಿದರೆ ಅವಳ ಕಿವಿ ಬಿಸಿಯಾಗುತ್ತಿತ್ತು. ಅದನ್ನು ನೆನೆದರೆ ಈಗ ತನ್ನ ಮೇಲೇ ಅಸಹ್ಯ. ಎಂಥ ಮೂರ್ಖಳು ನಾನು! ಅವರಿಗೆ ನಾನು ಊರುಗೋಲು. ಊರುಗೋಲನ್ನು ಮೂಲೆಗಿಟ್ಟು ಊಟಕ್ಕೆ ಕೂತು, ಅದಕ್ಕೆ ನಡೆಯೋಕೆ ಬರುತ್ತದೆಯೇ ಎಂದು ನಕ್ಕರು.

ಮುಂದಿನ ವರ್ಷದಿಂದ ಕುರ್ಚಿ ಮೈದುನನಿಗೆ. ನಿನ್ನೆ ತೀರ್ಮಾನವಾದದ್ದು ಅದು. ದೊಡ್ಡ ಮಗನಿಗೆ ವರ್ಷವಿಡೀ ಮೂಗು ಕಟ್ಟಿರುತ್ತದೆ, ಆದ್ದರಿಂದ ಚಿಕ್ಕವನಿಗೆ. ಊಟಕ್ಕೆ ಮೊದಲೇ ಎಲೆಯಡಿಕೆ ಡಬ್ಬಿಯ ಹಾಗೆ ಜೇಬಿನಲ್ಲಿ ಖಾರದ ಕಡಲೆ ಇಟ್ಟುಕೊಂಡು ಮೆಲ್ಲುತ್ತಲೇ ಇರುವ ಚಿಕ್ಕವನಿಗೆ! ತನ್ನನ್ನು ಬಿಟ್ಟು ಚಿಕ್ಕವನಿಗೆ ಕೊಟ್ಟರೆಂದು ಗಂಡನಿಗೂ ಬೇಸರವಿರಲಿಲ್ಲ. ‘ಒಳ್ಳೇದಾಯ್ತು ಬಿಡು, ಜವಾಬ್ದಾರಿ ತಪ್ತು’ ಎಂದಿದ್ದ. ‘ನನಗೆ ಯಾಕೆ ಆಗಬಾರದು ಅಂತ ನೀವು ಕೇಳಬಹುದಿತ್ತು’ ಎಂದಳು ಅವಳು. ಅವನು ನಿಜಕ್ಕೂ ಆಶ್ಚರ್ಯಪಟ್ಟ. ‘ನಿನಗಾ? ನಿನಗ್ಯಾಕೆ ಈ ತಲೆನೋವು?’ ಎಂದು ಪ್ರೀತಿಯಿಂದಲೇ ಕೇಳಿದ. ಆ ಪ್ರೀತಿಯನ್ನು ತೆಗೆದುಕೊಂಡು ಗೋಡೆಗೆ ಅಪ್ಪಳಿಸಬೇಕೆನಿಸಿತ್ತು ಅವಳಿಗೆ.

ಬುಟ್ಟಿ ಸೊಂಟಕ್ಕಿಟ್ಟುಕೊಂಡು ಅವಳು ಹಿತ್ತಿಲ ಬಾಗಿಲಿಂದ ಇಳಿದಳು. ವಿಂಗಡಣೆ ಶೆಡ್ಡಿನ ಮುಂದೆ ಹಣ್ಣಿನ ವ್ಯಾಪಾರಿಯ ಲಾರಿ ಆಗಲೇ ಬಂದು ನಿಂತಿತ್ತು. ಖಾಲಿ ಕ್ರೇಟುಗಳನ್ನು ದಡದಡ ಇಳಿಸುತ್ತಿದ್ದರು. ಅಂದರೆ ಕೇಳುವ ಮೊದಲೇ ಉತ್ತರ ಸಿದ್ಧವಾಗಿದೆ. ಇದು ಮೈದುನನ ಕೆಲಸ. ಉಳಿದವರ ಹಣ್ಣು ಪೇಟೆಗೆ ಬರುವ ಮುಂಚೆ ನಮ್ಮದು ಹೋದರೆ ಒಳ್ಳೆಯ ದರ ಸಿಗುತ್ತದೆ ಎಂದು ಅವನು ವಾರದಿಂದ ಜಪ ಮಾಡುತ್ತಿದ್ದ. ‘ಸ್ವಲ್ಪ ಹಸಿರಿದ್ರೂ ಚಿಂತೆಯಿಲ್ಲ ಬಿಡಿ, ನಮ್ಮ ಬಣ್ಣದ ಕೋಣೆಗೆ ಹಾಕಿ ಅನಿಲ ಬಿಟ್ರೆ ಮದುಮಗಳ ಥರ ಆಗುತ್ತೆ’ ಎಂದು ವ್ಯಾಪಾರಿ ಮೊನ್ನೆ ಹೇಳಿದ್ದ. ಸಿಪ್ಪೆ ಮದುಮಗಳಾಗುತ್ತದೆ ಸರಿ, ಒಳಗಿನ ಹುಳಿ ಎಲ್ಲಿಗೆ ಹೋಗುತ್ತದೆ? ತಿಂದವನು ಮುಖ ಸಿಂಡರಿಸಿ ಪೆಟ್ಟಿಗೆಯ ಮೇಲಿನ ಮುದ್ರೆ ನೋಡುತ್ತಾನೆ. ಇಡೀ ಇಳಿಜಾರಿನ ಹಣ್ಣು ಹಾಗೆ ಹೋದರೆ ಮುಂದಿನ ವರ್ಷ ಇದೇ ವ್ಯಾಪಾರಿ ಮೊದಲು ಪೆಟ್ಟಿಗೆ ಬಿಚ್ಚು, ಆಮೇಲೆ ಮಾತು ಎನ್ನುತ್ತಾನೆ. ಅವಳಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ, ಇಳಿಜಾರು ಇಳಿಯುತ್ತ, ಒಂದೊಂದು ಹೆಜ್ಜೆಗೂ ಅವಳೊಳಗೆ ಇನ್ನೊಬ್ಬಳು ಗಟ್ಟಿಯಾಗುತ್ತಿದ್ದಳು. ಇವತ್ತು ನೀರು ಕೇಳಬೇಡ. ಸುಮ್ಮನಿರು. ತಟ್ಟೆ ಹಿಡಿಯೋಕೆ ಬಂದವಳು ತಟ್ಟೆ ಹಿಡಿದು ನಿಲ್ಲು. ಏನಾಗುತ್ತದೋ ಆಗಲಿ, ನಾಲ್ಕು ತಲೆಮಾರಿನ ನಾಲಿಗೆ ಏನು ಹೇಳುತ್ತದೋ ನೋಡೇಬಿಡೋಣ.

ಮಾವ ಕುರ್ಚಿಯಲ್ಲಿ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತೊಡೆಯ ಮೇಲೆ ಅಗಲವಾದ ಕೈಗಳು. ಬಲಗಡೆ ಮೈದುನ, ಅವನ ಪಕ್ಕ ವ್ಯಾಪಾರಿ. ಗಂಡ ಮೂಗು ಒರೆಸಿಕೊಳ್ಳುತ್ತ ಸ್ವಲ್ಪ ದೂರದಲ್ಲಿ. ಕೊಯ್ಲಿನವರು ಚೀಲ ಹೆಗಲಿಗೆ ಹಾಕಿ ಏಣಿ ಒರಗಿಸಿ ಕಾದಿದ್ದರು. ‘ಬಾಮ್ಮ, ತಡವಾಯ್ತು’ ಎಂದರು ಮಾವ. ಅವಳು ಮೊದಲ ಹಣ್ಣು ಸೀಳಿದಳು. ರಸ ಚಾಕುವಿನಿಂದ ಹೆಬ್ಬೆರಳಿಗೆ ಇಳಿಯಿತು. ಸೆರಗಿಗೆ ಒರೆಸಿಕೊಳ್ಳುವ ಹಾಗೆ ತಿರುಗಿ ನೆಕ್ಕಿದಳು. ಕದ್ದು ನೆಕ್ಕುವ ಈ ಅವತಾರಕ್ಕೆ ಅವಳಿಗೆ ಎಂದೂ ಇಲ್ಲದ ನಾಚಿಕೆಯಾಯಿತು. ಹುಳಿ. ಸಣ್ಣಪುಟ್ಟ ಹುಳಿಯಲ್ಲ, ಕಿವಿಯ ಹಿಂದೆ ಜುಮ್ಮೆನ್ನುವ ಹುಳಿ. ಇನ್ನು ಎರಡು ವಾರವಾದರೂ ಮರದಲ್ಲಿರಬೇಕು. ಎರಡನೆಯದೂ ಹಾಗೆಯೇ. ಮೂರನೆಯದನ್ನು ಅವಳು ನೆಕ್ಕಲಿಲ್ಲ.

ಮಾವ ಹೋಳನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಅಗಿದರು. ಅವಳು ಏಣಿಯ ಮೆಟ್ಟಿಲ ಮೇಲೆ ಹರಿಯುತ್ತಿದ್ದ ಇರುವೆಯನ್ನು ನೋಡುತ್ತ ನಿಂತಳು. ದವಡೆ ನಿಧಾನವಾಯಿತು. ಈಗ ಕಾಯುತ್ತಿದ್ದಾರೆ. ಅವರ ಎಡಗಿವಿ, ಅವಳಿದ್ದ ಕಡೆಯ ಕಿವಿ, ಸ್ವಲ್ಪ ಇತ್ತ ವಾಲಿತು. ಅದನ್ನು ಕಂಡಾಗ ಅವಳಿಗೆ ಆದದ್ದು ಖುಷಿ, ಅಪ್ಪಟ ಖುಷಿ. ಕಾಯಿರಿ ಮಾವ, ಇನ್ನೂ ಸ್ವಲ್ಪ ಕಾಯಿರಿ. ಮರುಗಳಿಗೆಗೇ ಆ ಖುಷಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅಪ್ಪನ ವಯಸ್ಸಿನವರು. ಅತ್ತೆ ಆಸ್ಪತ್ರೆಯಲ್ಲಿದ್ದಾಗ ಹೊರಗಿನ ಬೆಂಚಿನ ಮೇಲೆ ಅವಳ ಜೊತೆ ಕೂತು ಮಗುವಿನ ಹಾಗೆ ಬಿಕ್ಕಿದವರು. ಕೇಳಿಬಿಡಲೇ? ಒಂದು ಲೋಟ ನೀರಿನ ಮಾತು ತಾನೇ? ಮಾವ ಕಣ್ಣು ತೆರೆದು ಅವಳತ್ತ ನೋಡಿದರು. ನೋಟದಲ್ಲಿ ಬೇಡಿಕೆ ಇದ್ದಿದ್ದರೆ ಅವಳು ಕರಗಿಬಿಡುತ್ತಿದ್ದಳೇನೋ. ಇರಲಿಲ್ಲ. ಹುಬ್ಬು ಗಂಟಿಕ್ಕಿತ್ತು, ತಡ ಮಾಡಿದ ಆಳನ್ನು ನೋಡುವ ಹಾಗಿತ್ತು ನೋಟ. ಅವಳು ತುಟಿ ಬಿಗಿಹಿಡಿದಳು. ಮಾತಿಲ್ಲವೆಂದರೆ ಸಿಹಿ. ಮಾವ ನುಂಗಿದರು, ಗಂಟಲು ಸರಿಮಾಡಿಕೊಂಡರು.

‘ಚೆನ್ನಾಗಿ ಆಗಿದೆ. ಕೊಯ್ಯಿರಿ.’

‘ಹುಳಿ ಇದೆ’ ಎಂದಿತು ಒಂದು ಧ್ವನಿ. ತನ್ನದೇ ಧ್ವನಿ ಎಂದು ತಿಳಿಯಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ಬಾಯಿ ಬಿಡಬಾರದೆಂದು ಇಳಿಜಾರು ಪೂರ್ತಿ ಶಪಥ ಮಾಡಿಕೊಂಡು ಬಂದವಳು. ಆದರೆ ಆ ಮರಗಳಿಗೆ ಬೇಸಿಗೆಯಲ್ಲಿ ನೀರು ಬಿಡಿಸಿದವಳೂ ಅವಳೇ, ಹೀಚು ಉದುರಿದಾಗ ನಿದ್ದೆಗೆಟ್ಟವಳೂ ಅವಳೇ. ‘ಯಾರೂ ಕತ್ತರಿ ಹಾಕಬೇಡಿ. ಹಣ್ಣು ಇನ್ನೂ ಹುಳಿ ಇದೆ.’

ಮೈದುನ ಮಗುವಿಗೆ ಹೇಳುವ ಹಾಗೆ ನಕ್ಕ. ‘ಅತ್ತಿಗೆ, ಅಪ್ಪ ಈಗ ತಾನೇ ತಿಂದ್ರಲ್ಲ?’

‘ನೀನೂ ತಿನ್ನು’ ಎಂದು ತಟ್ಟೆಯನ್ನು ಅವನ ಎದೆಗೆ ಒತ್ತಿದಳು. ‘ಮುಂದಿನ ವರ್ಷದಿಂದ ಹೇಳೋನು ನೀನೇ ತಾನೇ? ತಿಂದು ಹೇಳು.’

ಅವನು ತಿಂದ. ಅವನ ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು, ದವಡೆ ಬಿಗಿಯಿತು, ಕತ್ತಿನ ನರ ಎದ್ದು ನಿಂತಿತು. ‘ಸಿಹಿ ಇದೆ’ ಎಂದ, ಹಲ್ಲು ಕಚ್ಚಿಕೊಂಡೇ. ವ್ಯಾಪಾರಿ ತಾನಾಗಿ ಒಂದು ಹೋಳು ಎತ್ತಿಕೊಂಡು ಬಾಯಿಗೆ ಹಾಕಿ, ಮೈ ಜಾಡಿಸಿ, ‘ಸಕ್ಕರೆ ಸಾರ್, ಸಕ್ಕರೆ! ಹಿರಿಯರು ಹೇಳಿದ ಮೇಲೆ ಕೇಳೋದೇನಿದೆ’ ಎಂದು ಮಾವನಿಗೆ ಕೈ ಮುಗಿದ. ಅವಳು ಗಂಡನ ಹತ್ತಿರ ಹೋದಳು. ಇಷ್ಟು ಜನರ ಎದುರು ಅವನ ಬಾಯಿಗೆ ಅವಳು ಎಂದೂ ಏನನ್ನೂ ಹಿಡಿದಿರಲಿಲ್ಲ. ‘ತಿನ್ನಿ. ನಿಜ ಹೇಳಿ.’ ಅವನು ತಿಂದ, ನುಂಗಿದ. ಕಣ್ಣಲ್ಲಿ ನೀರು ಬಂದಿತ್ತು. ಅವಳನ್ನು ನೋಡಿದ, ಅಪ್ಪನನ್ನು ನೋಡಿದ, ಕ್ರೇಟುಗಳನ್ನು ನೋಡಿದ. ‘ಹುಳಿಸಿಹಿ ಅನ್ನಬಹುದು’ ಎಂದ. ‘ಚೆನ್ನಾಗೇ ಇದೆ. ನನಗೆ ಮೂಗು ಬೇರೆ ಕಟ್ಟಿದೆ ಕಣೇ, ಸರಿಯಾಗಿ ಗೊತ್ತಾಗ್ತಿಲ್ಲ.’

ಎಲಾ ಇವರ! ಈ ಮನೆಯಲ್ಲಿ ಸತ್ತಿರುವುದು ಒಂದು ನಾಲಿಗೆ ಎಂದು ಅವಳು ಇಷ್ಟು ದಿನ ತಿಳಿದಿದ್ದಳು. ಆ ಒಂದನ್ನು ಯಾರಿಗೂ ಕಾಣದ ಹಾಗೆ ಮುಚ್ಚಿಟ್ಟು, ತನ್ನ ನಾಲಿಗೆಯನ್ನು ಎರವಲು ಕೊಟ್ಟು, ಮನೆಯ ಮಾನ ಉಳಿಸುತ್ತಿದ್ದೇನೆ ಎಂದುಕೊಂಡಿದ್ದಳು. ನೋಡಿದರೆ ಜ್ವರ ಬಾರದೆಯೇ ಎಲ್ಲರದೂ ಸತ್ತು ಕೂತಿದೆ. ಇವರಿಗೆ ಹುಳಿ ಗೊತ್ತಾಗುತ್ತದೆ, ಕಣ್ಣಲ್ಲಿ ನೀರೂ ಬರುತ್ತದೆ, ಬಾಯಿ ಮಾತ್ರ ಸಿಹಿ ಎನ್ನುತ್ತದೆ. ಪಾಪದ ಮುದುಕರಾದರೂ ನಿಜವಾಗಿ ತಿಳಿಯದೆ ಹೇಳಿದರು. ಅವಳಿಗೆ ನಗು ಬಂತು, ಕೂಗಬೇಕೆನಿಸಿತು, ಬುಟ್ಟಿಯನ್ನು ಎತ್ತಿ ಒಗೆಯಬೇಕೆನಿಸಿತು. ಏನೂ ಮಾಡಲಾಗದೆ ನಿಂತಳು. ಮೈದುನ ಕೈ ಬೀಸಿದ. ಮೊದಲ ಏಣಿಯ ಮೇಲೆ ಕತ್ತರಿ ಕಚಕ್ ಎಂದಿತು. ಇನ್ನೊಂದು ಮರದಲ್ಲಿ ಇನ್ನೊಂದು. ಹಣ್ಣು ಚೀಲಕ್ಕೆ ಮೆತ್ತಗೆ ಬೀಳತೊಡಗಿತು.

‘ತಡೀರಿ’ ಎಂದರು ಮಾವ.

ಕತ್ತರಿಗಳು ನಿಂತವು. ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಖಾಲಿ ಬಾಯನ್ನು ಅತ್ತಿತ್ತ ಆಡಿಸುತ್ತಿದ್ದರು. ಹಣೆಯಲ್ಲಿ ಬೆವರು ಸಣ್ಣಗೆ ಹೊಳೆಯುತ್ತಿತ್ತು. ಅವಳ ಕಡೆ ನೋಡಲಿಲ್ಲ. ಹೇಳಿ ಮಾವ, ಹೇಳಿಬಿಡಿ, ನನಗೆ ಗೊತ್ತಾಗಲ್ಲ, ಸೊಸೆ ಹೇಳಿದ್ದೇ ಸರಿ ಅನ್ನಿ. ಅವಳು ಉಸಿರು ಬಿಗಿಹಿಡಿದಳು. ಒಂದೇ ಒಂದು ಮಾತು. ಅಷ್ಟು ಹೇಳಿದರೆ ನಿನ್ನೆಯ ನಗುವನ್ನೆಲ್ಲ ಅವಳು ಮರೆತುಬಿಡುತ್ತಿದ್ದಳು.

‘ಈಗ ಬರ್ತಾ ಇದೆ ನೋಡು’ ಎಂದರು ಮಾವ, ಬೆರಳನ್ನು ಗಂಟಲಿಗೆ ಮುಟ್ಟಿಸಿ. ‘ನಾಲಿಗೆ ಮೇಲಲ್ಲ, ಇಲ್ಲಿ. ಹಿಂದಿನಿಂದ ಬರೋ ಹುಳಿ ಇದು. ತಡವಾಗಿ ತಿಳಿಯುತ್ತೆ. ಎಳೇ ಬಾಯಿಗೆಲ್ಲ ಇದು ಸಿಕ್ಕೋದಲ್ಲ. ಇಳೀರಿ ಎಲ್ಲಾ, ಇನ್ನೂ ಆಗಿಲ್ಲ.’

ಕೊಯ್ಲಿನವರು ಏಣಿಯಿಂದ ಇಳಿದರು. ಆಮೇಲೆ ಮೈದುನ ತೊಡೆ ತಟ್ಟಿಕೊಂಡ. ‘ಹೌದಪ್ಪ! ನನಗೂ ಕೊನೇಲಿ ಏನೋ ಹಿಡಿದ ಹಾಗಾಯ್ತು, ಏನು ಅಂತ ಹೊಳೀಲಿಲ್ಲ.’ ವ್ಯಾಪಾರಿ ಹುಳಿಯನ್ನು ಈಗಷ್ಟೇ ಕಂಡವನಂತೆ ನಾಲಿಗೆ ಚಪ್ಪರಿಸಿ, ಅಬ್ಬಬ್ಬಾ, ಇದಪ್ಪಾ ನಾಲಿಗೆ ಅಂದ್ರೆ, ಅದಕ್ಕೇ ನಾವು ಈ ಮನೆ ಬಾಗಿಲಿಗೆ ಬರೋದು, ಎರಡು ವಾರ ಬಿಟ್ಟೇ ಬರ್ತೀನಿ ಸಾರ್, ಎಂದು ತಲೆದೂಗಿದ. ಗಂಡ ನಿರಾಳವಾಗಿ ಉಸಿರುಬಿಟ್ಟು ಅವಳತ್ತ ನೋಡಿ ನಕ್ಕ, ನೋಡು, ಎಲ್ಲ ಸರಿಹೋಯಿತಲ್ಲ ಎನ್ನುವ ನಗು. ಕೊಯ್ಲಿನವರು ಏಣಿ ಹೊತ್ತು ಹೊರಟರು. ಹೋಗುತ್ತ ಮೈದುನ ಅವಳ ಬಳಿ ನಿಂತು, ಬೇಸರವಾಗದಿರಲಿ ಎನ್ನುವ ದನಿಯಲ್ಲಿ ಹೇಳಿದ: ‘ನೋಡಿದ್ರಾ ಅತ್ತಿಗೆ? ರುಚಿ ನೋಡೋದು ಅಂದ್ರೆ ಇದು. ನೀವು ಬಾಯಿಗೆ ಬಂದದ್ದು ಹೇಳಿದ್ರಿ, ಹೇಗೋ ಹೊಂದ್ಕೊಳ್ತು.’

ಅವಳು ಚಾಕು ಎತ್ತಿಕೊಂಡು ಒರೆಸಿದಳು. ಮೈಯಲ್ಲಿದ್ದ ಬೆಂಕಿಯೆಲ್ಲ ಒಂದು ಕಡೆ ಸೇರಿ ತಣ್ಣಗೆ ಗಟ್ಟಿಯಾದಂತಾಗಿತ್ತು. ತೋಟ ಉಳಿಯಿತು. ಅದು ನಿಜ. ಹಣ್ಣು ಮರದಲ್ಲೇ ಇದೆ, ಮುದ್ರೆ ಮುದ್ರೆಯಾಗಿಯೇ ಇದೆ. ಅದಕ್ಕೆ ಸಂತೋಷಪಡಬೇಕಿತ್ತು. ಎಲ್ಲರೂ ಶೆಡ್ಡಿನ ಕಡೆ ಹೋದ ಮೇಲೆ ಮರದಡಿ ಉಳಿದವರು ಅವರಿಬ್ಬರೇ. ಅವಳು ತಟ್ಟೆಯಲ್ಲಿ ಉಳಿದ ಹೋಳುಗಳನ್ನು ಬುಡಕ್ಕೆ ಸುರಿದಳು. ಮಾವ ಕರವಸ್ತ್ರದಿಂದ ಹಣೆ ಒರೆಸಿಕೊಂಡರು. ಈಗಲಾದರೂ ಏನಾದರೂ ಹೇಳುತ್ತಾರೆಂದು ಅವಳು ಕಾದಳು. ಹೇಳಿದರು.

‘ಹಾಗೆಲ್ಲ ನಾಲ್ಕು ಜನರ ಮುಂದೆ ಕಿರುಚಬಾರದಮ್ಮ. ಯಾವಾಗಿನ ಹಾಗೆ ನೀರು ಬೇಕಾ ಅಂತ ಕೇಳಿದ್ರೆ ಆಗ್ತಿತ್ತು.’

ಇಷ್ಟು ವರ್ಷ ಇಬ್ಬರ ಬಾಯಿಂದಲೂ ಬಾರದೇ ಇದ್ದ ಮಾತು ಬಂತು, ಬಂದದ್ದು ಬೈಗುಳವಾಗಿ. ಅವಳು ಚಾಕುವನ್ನು ಬಟ್ಟೆಯಲ್ಲಿ ಸುತ್ತಿ, ಬುಟ್ಟಿಗೆ ಹಾಕದೆ, ಅವರ ಅಗಲವಾದ ಅಂಗೈಯಲ್ಲಿ ಇಟ್ಟಳು.

‘ಎರಡು ವಾರ ಬಿಟ್ಟು ನೀವೇ ಹಣ್ಣು ಸೀಳಿ, ನೀವೇ ತಿಂದು, ನೀವೇ ಹೇಳಿ ಮಾವ. ನಾನು ಬರಲ್ಲ.’

‘ಬರಲ್ಲ ಅಂದ್ರೆ?’ ಅವರ ದನಿ ಒಡೆಯಿತು. ‘ಆಮೇಲೆ ಹಣ್ಣಿನ ಗತಿ ಏನು? ಇದು ನಿನ್ನ ಮನೆ ಅಲ್ವಾ?’

‘ನನ್ನ ಮನೇನೇ. ಅದಕ್ಕೇ ಹೇಳ್ತಿರೋದು. ಕುರ್ಚಿಯಿಂದ ಎದ್ದು, ಎಲ್ಲರ ಮುಂದೆ, ಬಾಮ್ಮ, ನೀನು ತಿಂದು ಹೇಳು ಅಂತ ಕರೀರಿ, ಓಡಿ ಬರ್ತೀನಿ.’ ಅವಳು ಬುಟ್ಟಿ ಎತ್ತಿಕೊಂಡಳು. ‘ಅಲ್ಲಿವರೆಗೂ ನನಗೂ ರುಚಿ ಗೊತ್ತಾಗಲ್ಲ.’